ಹೊಸ ಸ್ಟೀರಿಯೋ: ಮೂರು ತಂತಿ, ನೂರು ತಂಟೆ!

ಕಾರು ಹಳೆಯದಾದರೂ ಹಾಡು ಹೊಸದಾಗಿರಬೇಕು ಅನ್ನೋದು ನಮ್ಮ ಜನರ ಆಸೆ. ತಪ್ಪಲ್ಲ ಬಿಡಿ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಬಸ್ಸು ಹತ್ತಿ ಜೆ.ಸಿ. ರಸ್ತೆಗೆ ಹೋದರೆ ಕಾರಿನ ಸೆಟ್ಟು ಬೇಕಾದ ಬೆಲೆಗೆ ಸಿಗುತ್ತದೆ. ಹೋಗಲು ಪುರುಸೊತ್ತಿಲ್ಲದವರಿಗೆ ಮೊಬೈಲಿನಲ್ಲಿ ಬುಕ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಬಂದದ್ದನ್ನು ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಯಾರಾದರೊಬ್ಬರ ಕೈಲಿ ಕೂರಿಸಿಕೊಂಡರೆ ಆಯಿತು. ಒಂದು ಗಂಟೆಯ ಕೆಲಸ. ಹಾಡು ಶುರು!

ತಂಟೆ ಶುರುವಾಗುವುದು ಆಮೇಲೆ.

ಒಬ್ಬರ ಕಾರು ಮೂರನೇ ದಿನ ಬೆಳಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಇನ್ನೊಬ್ಬರದು ಕೀ ತೆಗೆದರೆ ಸಾಕು, ಸೆಟ್ಟಿನ ಗಡಿಯಾರ ಹನ್ನೆರಡಕ್ಕೆ ಹೋಗಿ ನಿಲ್ಲುತ್ತೆ. ಮತ್ತೊಬ್ಬರದು ಆಕ್ಸಿಲರೇಟರ್ ಒತ್ತಿದಂತೆಲ್ಲ ಹಾಡಿನ ಹಿಂದೆ ಸೊಳ್ಳೆ ಕೂಗಿದ ಹಾಗೆ ಕೀರಲು ದನಿ. ಮಗದೊಬ್ಬರದು ಎಡಗಡೆ ಬಾಗಿಲು ಹಾಡುತ್ತೆ, ಬಲಗಡೆ ಬಾಗಿಲು ಮೌನವ್ರತ.

ಸರಿ, ಕೇಳೋಣ ಅಂತ ಹೋದರೆ? ಸೆಟ್ಟು ಮಾರಿದವರು, “ನಮ್ಮ ಸೆಟ್ಟಿನಲ್ಲಿ ಕಂಪ್ಲೇಂಟೇ ಇಲ್ಲ ಸಾರ್, ಫಿಟಿಂಗ್ ಸರಿಯಿಲ್ಲ” ಅಂತಾರೆ. ಫಿಟಿಂಗ್ ಮಾಡಿದವರು, “ನಾನು ಹಾಕಿದ್ದು ಸರಿಯಾಗೇ ಇದೆ, ನಿಮ್ಮ ಬ್ಯಾಟರಿ ವೀಕು” ಅಂತಾರೆ. ಬ್ಯಾಟರಿ ಅಂಗಡಿಯವರು, “ಬ್ಯಾಟರಿ ಚೆನ್ನಾಗಿದೆ, ಆ ಹಾಳು ಸೆಟ್ಟು ಕಿತ್ತು ಹಾಕಿ” ಅಂತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವಂತೆ ನಡುವೆ ಬಡವಾಗುವುದು ಗಿರಾಕಿಯ ಜೇಬು.

ವಾಹನದ ವೈರಿಂಗ್ ಕೆಲಸದಲ್ಲಿ ಪಳಗಿದ ಯಾರನ್ನೇ ಕೇಳಿ, ಅವರು ಹೇಳುವ ಮಾತು ಒಂದೇ: ಸೆಟ್ಟು ಕೆಟ್ಟಿರುವುದು ಅಪರೂಪ, ಕೆಟ್ಟಿರುವುದು ಜಾಯಿಂಟು. ಆ ಜಾಯಿಂಟು ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಂದು ಟೆಸ್ಟ್ ಲ್ಯಾಂಪು, ಒಂದು ಮಲ್ಟಿಮೀಟರು, ಅರ್ಧ ಗಂಟೆ ತಾಳ್ಮೆ ಇದ್ದರೆ ಸಾಕು.

ಹಳದಿ, ಕೆಂಪು, ಕಪ್ಪು

ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸೆಟ್ಟಿನ ಹಿಂದೆ ವೈರುಗಳ ಒಂದು ಗೊಂಚಲೇ ಇರುತ್ತದೆ. ನೋಡಿ ಗಾಬರಿಯಾಗಬೇಡಿ. ಕರೆಂಟಿಗೆ ಸಂಬಂಧಪಟ್ಟದ್ದು ಅದರಲ್ಲಿ ಮೂರೇ ಮೂರು.

ಹಳದಿ ವೈರಿಗೆ ಬ್ಯಾಟರಿಯಿಂದ ಸದಾಕಾಲ 12 ವೋಲ್ಟ್ ಬರುತ್ತಿರಬೇಕು, ಕೀ ತೆಗೆದಾಗಲೂ. ಗಡಿಯಾರ, ಎಫ್‌ಎಂ ಸ್ಟೇಷನ್ನು ಮೊದಲಾದುವನ್ನು ಸೆಟ್ಟು ನೆನಪಿಟ್ಟುಕೊಳ್ಳುವುದು ಇದರಿಂದ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರಬೇಕು. ‘ಎದ್ದೇಳು’ ಎಂದು ಸೆಟ್ಟಿಗೆ ಹೇಳುವುದು ಅದರ ಕೆಲಸ. ಕಪ್ಪು ಅಂದರೆ ಅರ್ತ್. ಗಾಡಿಯ ಕಬ್ಬಿಣದ ಬಾಡಿಗೆ ಸೇರಬೇಕು.

ಮಿಕ್ಕವು ಸ್ಪೀಕರಿನವು. ಬಿಳಿ ಜೋಡಿ ಮುಂದಿನ ಎಡಕ್ಕೆ, ಬೂದು ಜೋಡಿ ಮುಂದಿನ ಬಲಕ್ಕೆ, ಹಸಿರು ಜೋಡಿ ಹಿಂದಿನ ಎಡಕ್ಕೆ, ನೇರಳೆ ಜೋಡಿ ಹಿಂದಿನ ಬಲಕ್ಕೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್ಸು. ನೀಲಿ ವೈರು ಆಂಟೆನಾಕ್ಕೆ, ನೀಲಿ-ಬಿಳಿ ಬೆರೆತದ್ದು ಆಂಪ್ಲಿಫೈಯರಿಗೆ.

ಇಲ್ಲೇ ಒಂದು ದೊಡ್ಡ ಗುಂಡಿ ಉಂಟು, ಹುಷಾರು! ಈ ಬಣ್ಣದ ಲೆಕ್ಕ ಸೆಟ್ಟಿನ ವೈರಿಗೆ ಮಾತ್ರ. ಕಾರಿನೊಳಗಿಂದ ಬರುವ ವೈರಿನ ಬಣ್ಣ ಕಾರು ಕಂಪನಿಯ ಇಷ್ಟ. ಸೆಟ್ಟಿನ ಕೆಂಪನ್ನು ಕಾರಿನ ಕೆಂಪಿಗೆ, ಹಳದಿಯನ್ನು ಹಳದಿಗೆ ಕಟ್ಟಿ ಕೈ ತೊಳೆದುಕೊಂಡರೆ ಕೆಟ್ಟಿತು ಕೆಲಸ. ಬಣ್ಣ ನೋಡಿ ಹೆಣ್ಣು ತರಬಾರದು, ವೈರನ್ನೂ ಕಟ್ಟಬಾರದು. ಮೀಟರ್ ಇಟ್ಟು ನೋಡಿಯೇ ಕಟ್ಟಬೇಕು.

ಸೆಟ್ಟಿಗೆ ಜೀವವೇ ಇಲ್ಲದಿದ್ದರೆ

ಮೊದಲು ಫ್ಯೂಸು. ಒಂದಲ್ಲ, ಎರಡು ಕಡೆ ನೋಡಬೇಕು. ಗಾಡಿಯ ಫ್ಯೂಸ್ ಬಾಕ್ಸಿನಲ್ಲಿ ಒಂದು, ಸೆಟ್ಟಿನ ಬೆನ್ನಿಗೇ ಚುಚ್ಚಿರುವುದು ಇನ್ನೊಂದು. ಬಹುಪಾಲು ಜನ ಎರಡನೆಯದನ್ನು ಮರೆತೇಬಿಡುತ್ತಾರೆ.

ಎರಡೂ ಸರಿಯಿದ್ದರೆ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗಾಡಿಯ ಬಾಡಿಗೆ ಒತ್ತಿ, ಕೆಂಪು ಕಡ್ಡಿಯನ್ನು ಹಳದಿ ವೈರಿಗೆ ಇಡಿ. ಇಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಆಮೇಲೆ ಕೆಂಪು ವೈರು ನೋಡಿ. ಕೀ ಹಾಕಿದಾಗ 12, ತೆಗೆದಾಗ ಸೊನ್ನೆ. ಎರಡರಲ್ಲೂ ಕರೆಂಟಿದ್ದು ಸೆಟ್ಟು ಏಳದಿದ್ದರೆ ಅನುಮಾನ ಕಪ್ಪು ವೈರಿನ ಮೇಲೆ.

ಒಂದು ಮುಖ್ಯ ಎಚ್ಚರಿಕೆ. ಸ್ಟೇರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಒಳಗೆ ಹಳದಿ ಕೊಳವೆ ಅಥವಾ ಹಳದಿ ಕಪ್ಲರ್ ಹಾಕಿದ ವೈರು ಕಂಡರೆ ಅದರ ತಂಟೆಗೆ ಹೋಗಲೇಬೇಡಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು. ಟೆಸ್ಟ್ ಲ್ಯಾಂಪು ಅಲ್ಲಿಗೆ ತಾಗಿ ಏರ್‌ಬ್ಯಾಗ್ ಮುಖದ ಮೇಲೆ ಸಿಡಿದರೆ ಹಾಡು ಕೇಳಲು ಕಿವಿ ಇರುವುದಿಲ್ಲ.

ಮರೆವಿನ ಕಾಯಿಲೆ

ಕೀ ತೆಗೆದ ಕೂಡಲೇ ಗಡಿಯಾರ, ಸ್ಟೇಷನ್ನು ಎಲ್ಲ ಅಳಿಸಿ ಹೋಗುತ್ತಿದೆಯೇ? ಸೆಟ್ಟು ಕೆಟ್ಟಿಲ್ಲ ಸ್ವಾಮಿ, ಹಳದಿ ವೈರು ಕೆಂಪಿನ ಜಾಗಕ್ಕೆ ಹೋಗಿದೆ, ಇಲ್ಲವೇ ಹಳದಿಗೂ ಕೀ ಕರೆಂಟನ್ನೇ ಕೊಟ್ಟಿದ್ದಾರೆ.

ಕತ್ತರಿಸದೆ ಚುಚ್ಚುವ ಕಪ್ಲರ್ ಹಾಕಿಸಿಕೊಂಡರೂ ಕೆಲವು ಗಾಡಿಗಳಲ್ಲಿ ಹೀಗಾಗುತ್ತದೆ. ಐ.ಎಸ್.ಓ. ಎಂಬ ಅಳತೆಯ ಕಪ್ಲರಿನಲ್ಲಿ ನಾಲ್ಕನೇ ಪಿನ್ನು ಸದಾ ಕರೆಂಟಿಗೆ, ಏಳನೆಯದು ಕೀ ಕರೆಂಟಿಗೆ. ಕೆಲವು ಕಾರುಗಳಲ್ಲಿ ಇದು ಅದಲು ಬದಲು. ಅದಕ್ಕೆಂದೇ ಹಲವು ಕಪ್ಲರುಗಳ ಹಳದಿ-ಕೆಂಪು ವೈರಿನ ನಡುವೆ ಬಿಚ್ಚಿ ಅದಲು ಬದಲು ಮಾಡಿ ಚುಚ್ಚುವ ಗುಂಡಿಗಳನ್ನು ಇಟ್ಟಿರುತ್ತಾರೆ. ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರು ಇದಕ್ಕೇ ಸೆಟ್ಟನ್ನು ಜೆ.ಸಿ. ರಸ್ತೆಗೆ ವಾಪಸ್ ಹೊತ್ತುಕೊಂಡು ಹೋಗುತ್ತಾರೆ.

ಬೆಳಗಾದರೆ ಬ್ಯಾಟರಿ ಖಾಲಿ

ಇದು ಹೊಟ್ಟೆಪಾಡಿನ ವಿಷಯ. ಮನೆ ಕಾರಾದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಬಾಡಿಗೆ ಕಾರಿನವನ ಗತಿಯೇನು? ಬೆಳಗಿನ ಜಾವ ಮೂರಕ್ಕೆ ಏರ್‌ಪೋರ್ಟಿಗೆ ಬರುತ್ತೇನೆಂದು ಒಪ್ಪಿಕೊಂಡಿರುತ್ತಾನೆ. ಕೀ ತಿರುಗಿಸಿದರೆ ‘ಟಕ್’ ಅನ್ನುವುದೊಂದೇ ಸದ್ದು. ಹೋದದ್ದು ಒಂದು ಬಾಡಿಗೆಯಲ್ಲ, ಗಿರಾಕಿಯ ನಂಬಿಕೆ. ಮಾರನೇ ದಿನ ಸಾಲ ಮಾಡಿ ಹೊಸ ಬ್ಯಾಟರಿ ಹಾಕಿಸುತ್ತಾನೆ. ಮೂರು ದಿನ ಗಾಡಿ ನಿಲ್ಲಿಸಿದರೆ ಅದೂ ಖಾಲಿ!

ಕಾರಣ ಬಹಳ ಸಲ ಇಷ್ಟೇ. ಕೀ ಕರೆಂಟು ಎಲ್ಲಿದೆ ಎಂದು ಹುಡುಕಲು ಬೇಜಾರಾಗಿ ಕೆಂಪು ವೈರನ್ನೂ ಹಳದಿ ವೈರನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟಿರುತ್ತಾರೆ. ಸೆಟ್ಟು ಹಾಡುತ್ತೆ, ನಿಜ. ಆದರೆ ಮಲಗುವುದೇ ಇಲ್ಲ! ಪರದೆ ಕಪ್ಪಾಗಿದ್ದರೂ ಒಳಗೆ ಕರೆಂಟು ಕುಡಿಯುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂತಿಟ್ಟುಕೊಳ್ಳಿ. ಸೆಟ್ಟು ಸುಮ್ಮನೆ ಕುಳಿತು ಅರ್ಧ ಆಂಪಿಯರ್ ಕುಡಿದರೆ 24 ಗಂಟೆಗೆ 12 ಆಯಿತು. ಮೂರು ದಿನಕ್ಕೆ 36. ಬ್ಯಾಟರಿ ಪೂರಾ ಬರಿದು. ಸೆಲ್ಫ್ ಅಂತೂ ಅದಕ್ಕೆ ಮುಂಚೆಯೇ ಕೈಕೊಡುತ್ತದೆ.

ಪತ್ತೆ ಹಚ್ಚುವುದು ಹೀಗೆ. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ಬಿಚ್ಚಿದ ವೈರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನಲ್ಲಿಟ್ಟು ಸೇರಿಸಿ. ಹೊಸ ಗಾಡಿಯಾದರೆ ಸೇರಿಸಿದ ಮೇಲೂ ಸ್ವಲ್ಪ ಹೊತ್ತು ಕಾಯಿರಿ, ಒಳಗಿನ ಯಂತ್ರಗಳೆಲ್ಲ ನಿದ್ದೆ ಹೋಗಲಿ. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟು ಹೋದೀತು. ಸಾಧಾರಣವಾಗಿ 0.05 ಆಂಪಿಯರಿನ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಸ್ಟೀರಿಯೋ ಫ್ಯೂಸು ಕಿತ್ತು ನೋಡಿ. ಅಂಕಿ ಸರ್ರನೆ ಇಳಿಯಿತೇ? ಕಳ್ಳ ಸಿಕ್ಕಿಬಿದ್ದ! ಇಳಿಯಲಿಲ್ಲವೇ? ಸ್ಟೀರಿಯೋ ನಿರಪರಾಧಿ. ಮಿಕ್ಕ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರಿಡಿ. ಹೆಚ್ಚುಕಮ್ಮಿ 13.8ರಿಂದ 14.4 ವೋಲ್ಟ್ ಇರಬೇಕು. 12.6ರ ಹತ್ತಿರವೇ ತೂಕಡಿಸುತ್ತಿದ್ದರೆ ಚಾರ್ಜೇ ಆಗುತ್ತಿಲ್ಲ ಅಂತ ಅರ್ಥ. ಆಗ ಸ್ಟೀರಿಯೋ ಹಾಕಿದವನ ಮೇಲೆ ಹರಿಹಾಯುವುದು ನ್ಯಾಯವಲ್ಲ, ಆಲ್ಟರ್ನೇಟರ್ ತೋರಿಸಬೇಕು.

ಇಲ್ಲಿ ನೆಲವೇ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸ್ಟೀರಿಯೋ ವಿಷಯದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕಾಗಿರುತ್ತೆ! ನೆಲ ಅಂದರೆ ಅರ್ತು.

ಇಂಜಿನ್ ವೇಗ ಹೆಚ್ಚಿದಂತೆ ಹೆಚ್ಚುವ, ಇಳಿದಂತೆ ಇಳಿಯುವ ಕೀರಲು ದನಿ ಆಲ್ಟರ್ನೇಟರಿನದು. ಅರ್ತು ಗಟ್ಟಿಯಾಗಿಲ್ಲದಿದ್ದರೆ ಅದು ಹಾಡಿನೊಳಗೆ ನುಸುಳುತ್ತದೆ. ಕಪ್ಪು ವೈರನ್ನು ಬಣ್ಣ ಬಳಿದ ಸ್ಕ್ರೂಗೋ, ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿನ ಹಿಂದಿನ ಬಡಪಾಯಿ ತಗಡಿಗೋ ಸಿಕ್ಕಿಸಿದರೆ ಇದೇ ಗತಿ. ಬಾಡಿಯ ಬಣ್ಣ ಕೆರೆದು, ಬರೀ ಲೋಹ ಕಾಣುವಂತೆ ಮಾಡಿ, ವೈರಿನ ತುದಿಗೆ ಉಂಗುರ ಹಾಕಿ ಬೋಲ್ಟಿನಿಂದ ಬಿಗಿಯಬೇಕು.

ಪರೀಕ್ಷೆ ಬೇಕೇ? ಸೆಟ್ಟು ಹಾಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಸೆಟ್ಟಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟ್ ತೋರಿಸಿದರೂ ಅರ್ತು ಸರಿಯಿಲ್ಲ.

ಅಂದಹಾಗೆ, ಮೊಬೈಲನ್ನು ಚಾರ್ಜಿಗಿಟ್ಟು ಅದರಿಂದಲೇ ವೈರು ಚುಚ್ಚಿ ಹಾಡು ಹಾಕಿದಾಗ ಮಾತ್ರ ಕೀರಲು ಬಂದು, ಚಾರ್ಜರ್ ತೆಗೆದಾಗ ನಿಂತರೆ ತಪ್ಪು ಫಿಟಿಂಗಿನದಲ್ಲ. ಚಾರ್ಜರಿನ ದಾರಿಯಲ್ಲೊಂದು, ಹಾಡಿನ ವೈರಿನಲ್ಲೊಂದು, ಹೀಗೆ ಎರಡು ಅರ್ತು ಸೇರಿ ಸುತ್ತು ಹಾಕುತ್ತಿವೆ. ಬ್ಲೂಟೂತಿನಲ್ಲಿ ಹಾಡು ಹಾಕಿ, ಸದ್ದಡಗುತ್ತದೆ. ಆಂಪ್ಲಿಫೈಯರ್ ಹಾಕಿಸಿದವರು ಇನ್ನೊಂದು ನೋಡಬೇಕು: ಹಾಡಿನ ವೈರು ಒಂದು ಮಗ್ಗುಲಲ್ಲಿ, ಕರೆಂಟಿನ ದಪ್ಪ ವೈರು ಇನ್ನೊಂದು ಮಗ್ಗುಲಲ್ಲಿ ಹೋಗಬೇಕು.

ಸ್ಪೀಕರಿನ ಸಿಟ್ಟು

ಒಂದು ಕಡೆ ಸದ್ದಿಲ್ಲವೇ? ಮೊದಲು ಸೆಟ್ಟಿನಲ್ಲೇ ಬ್ಯಾಲೆನ್ಸ್ ಸರಿಯಿದೆಯೇ ನೋಡಿ. ಸರಿಯಿದ್ದರೆ ಹಾಡದ ಸ್ಪೀಕರಿನ ಜೋಡಿಯನ್ನು ಹಾಡುವ ಸ್ಪೀಕರಿನ ಜಾಗಕ್ಕೆ ಚುಚ್ಚಿ. ಅಲ್ಲೂ ಹಾಡದಿದ್ದರೆ ತಪ್ಪು ಸ್ಪೀಕರಿನದು ಅಥವಾ ಬಾಗಿಲಿನ ವೈರಿನದು. ಅಲ್ಲಿ ಹಾಡಿದರೆ ಜಾಯಿಂಟಿನದು ಇಲ್ಲವೇ ಸೆಟ್ಟಿನದು.

ನಾಲ್ಕೂ ಹಾಡುತ್ತಿದ್ದರೂ ತಮಟೆ, ಡೋಲಿನ ಗುಮ್ಮು ಇಲ್ಲದೆ ಹಾಡು ತೆಳ್ಳಗಿದ್ದರೆ ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ತಿರುಗಿದೆ. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆದರೆ ಗುಮ್ಮು ಎಲ್ಲಿಂದ ಬರಬೇಕು? ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲು ಸಾಕು. ವೈರುಗಳನ್ನು ಸೆಟ್ಟಿನಿಂದ ಬಿಚ್ಚಿ, ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಕಾಗದದ ಬಟ್ಟಲು ಹೊರಕ್ಕೆ ಜಿಗಿದರೆ ಸರಿ, ಒಳಕ್ಕೆ ಹೋದರೆ ತಿರುವುಮುರುವು.

ಹಳೆಯ ಗಾಡಿಗಳಲ್ಲಿ ಸ್ಪೀಕರಿನ ಮೈನಸ್ಸನ್ನು ಬಾಡಿಗೇ ಸೇರಿಸುತ್ತಿದ್ದ ಪದ್ಧತಿ ಇತ್ತು. ಈಗಿನ ಸೆಟ್ಟಿಗೆ ಅದು ವಿಷ. ಸ್ಪೀಕರಿನ ಯಾವ ವೈರೂ ಬಾಡಿಗೆ ತಾಗಬಾರದು. ತಾಗಿದರೆ ಸೆಟ್ಟು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಹಾಡು ಚೆನ್ನಾಗಿದ್ದು ಎಫ್‌ಎಂ ಮಾತ್ರ ಗೊರಗೊರ ಅಂದರೆ ನೀಲಿ ವೈರನ್ನು ನೋಡಿ. ಇತ್ತೀಚಿನ ಹಲವು ಕಾರುಗಳ ಆಂಟೆನಾ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟು ಕೊಡಬೇಕಾದ ವೈರು ಅನಾಥವಾಗಿ ನೇತಾಡುತ್ತಿರುತ್ತದೆ.

ಬಸ್ಸಿನ ಹಾಡಿನ ಕಥೆ

“ನಮಗೆಲ್ಲಿಯ ಕಾರು ಸ್ವಾಮಿ, ನಾವು ಬಸ್ಸಿನವರು” ಅನ್ನುವವರು ಇಲ್ಲಿ ಕಿವಿಗೊಡಿ. ನೀವು ಹತ್ತುವ ಬಸ್ಸಿನಲ್ಲೂ ಹಾಡುವುದು ಬಹಳ ಸಲ ಇದೇ ಕಾರಿನ ಸೆಟ್ಟು. ಕಾರಿನ ಸೆಟ್ಟು 12 ವೋಲ್ಟಿನದು. ದೊಡ್ಡ ಬಸ್ಸು, ಲಾರಿಗಳದು ಸಾಮಾನ್ಯವಾಗಿ 24 ವೋಲ್ಟು. 12ರ ಎರಡು ಬ್ಯಾಟರಿ ಸಾಲಾಗಿ ಕಟ್ಟಿರುತ್ತಾರೆ. ನೇರವಾಗಿ ಕೊಟ್ಟರೆ ಸೆಟ್ಟು ಸುಟ್ಟೀತೆಂದು ಒಂದೇ ಬ್ಯಾಟರಿಯಿಂದ ವೈರೆಳೆದು ಹಾಡಿಸುವುದು ಸುಲಭದ ಉಪಾಯ.

ಸುಲಭ, ಆದರೆ ಸರಿಯಲ್ಲ. ಆ ಒಂದು ಬ್ಯಾಟರಿ ದಿನವೂ ಬಡವಾಗುತ್ತದೆ. ಚಾರ್ಜು ಮಾತ್ರ ಎರಡಕ್ಕೂ ಒಟ್ಟಿಗೆ ಹೋಗುವುದು. ಹಾಗಾಗಿ ಒಂದಕ್ಕೆ ಉಪವಾಸ, ಇನ್ನೊಂದಕ್ಕೆ ಅಜೀರ್ಣ! ಒಂದು ಸಾಲದೆ ಸಾಯುತ್ತದೆ, ಇನ್ನೊಂದು ನೀರು ಕುದ್ದು ಸಾಯುತ್ತದೆ. ಎರಡು ಬ್ಯಾಟರಿಯ ದುಡ್ಡಿನ ಮುಂದೆ 24ನ್ನು 12 ಮಾಡಿ ಕೊಡುವ ಕನ್ವರ್ಟರಿನ ದುಡ್ಡು ಏನೇನೂ ಅಲ್ಲ. ಮಧುಗಿರಿ, ಪಾವಗಡ, ಶಿರಾ ಕಡೆಗೆ ಬಸ್ಸು ಓಡಿಸುವ ಮಾಲೀಕರು ಒಮ್ಮೆ ತಮ್ಮ ಗಾಡಿಯ ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದರೆ ಒಳ್ಳೆಯದು. ಕನ್ವರ್ಟರ್ ಹಾಕಿದರೂ ಅದರ ಹಿಂದೊಂದು ಫ್ಯೂಸು ಕಡ್ಡಾಯ.

ಬೇಗಡೆ ಫ್ಯೂಸಿನ ಬೆಂಕಿ

ಇಲ್ಲಿಯವರೆಗೆ ಹೇಳಿದ್ದು ಜೇಬಿನ ನಷ್ಟ. ಇನ್ನು ಹೇಳುವುದು ಜೀವದ ವಿಷಯ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಅದಕ್ಕೇ ಜನರಿಗೆ ಸಸಾರ. ಆದರೆ ಬ್ಯಾಟರಿಯ ಪ್ಲಸ್ಸು ನೇರವಾಗಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ. ತೆಳು ವೈರು ಕೆಂಡವಾಗಲು ಕ್ಷಣಗಳು ಸಾಕು. ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ಕು, ಬಟ್ಟೆ, ಸ್ಪಂಜು.

ಆ ಬೆಂಕಿಗೂ ನಮಗೂ ನಡುವೆ ನಿಂತಿರುವ ಕಾವಲುಗಾರನೇ ಫ್ಯೂಸು. ಅದು ಮೇಲಿಂದ ಮೇಲೆ ಹೋಗುತ್ತಿದ್ದರೆ ಎಲ್ಲೋ ವೈರು ತಾಗುತ್ತಿದೆ ಎಂದು ಕೂಗಿ ಹೇಳುತ್ತಿದೆ. ನಾವೇನು ಮಾಡುತ್ತೇವೆ? 10ರ ಜಾಗಕ್ಕೆ 30 ಹಾಕುತ್ತೇವೆ. ಅದೂ ಸಿಗದಿದ್ದರೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತುತ್ತೇವೆ! ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದ ಹಾಗಾಯಿತು. ಎಷ್ಟು ನಂಬರಿನ ಫ್ಯೂಸು ಇತ್ತೋ ಅಷ್ಟೇ ಹಾಕಬೇಕು, ಅದೂ ಹೋದರೆ ತಪ್ಪು ಹುಡುಕಬೇಕು.

ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿದವರು ಬಾನೆಟ್ ತೆಗೆದು ನೋಡಿ. ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಪಕ್ಕ ಫ್ಯೂಸಿದ್ದರೆ ನಡುವಿನ ಅಷ್ಟುದ್ದ ವೈರಿಗೆ ಕಾವಲೇ ಇಲ್ಲ. ವೈರು ಇಂಜಿನ್ ಕಡೆಯಿಂದ ಒಳಕ್ಕೆ ತೂರುವ ತಗಡಿನ ತೂತಿಗೆ ರಬ್ಬರ್ ಬಳೆ ಇದೆಯೇ? ಇಲ್ಲದಿದ್ದರೆ ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಕೊಯ್ಯುತ್ತಿರುತ್ತದೆ.

ಜಾಯಿಂಟಿನ ಮಾತೂ ಅಷ್ಟೆ. ಎರಡು ವೈರು ತಿರುಚಿ ಮೇಲೆ ಟೇಪು ಸುತ್ತಿದರೆ ಇವತ್ತಿಗೆ ಸರಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಕಾದು ಟೇಪಿನ ಅಂಟು ಕರಗಿ ಜಾರುತ್ತದೆ. ವೈರು ಬೆತ್ತಲೆ. ಬೆಸುಗೆ ಹಾಕಿ, ಇಲ್ಲವೇ ಒಳ್ಳೆ ಕ್ಲಿಪ್ಪು ಒತ್ತಿ, ಮೇಲೆ ಬಿಸಿ ಮಾಡಿದರೆ ಬಿಗಿಯುವ ಕೊಳವೆ ಹಾಕಿಸಬೇಕು.

ದುಡ್ಡು ಕೊಡುವ ಮುನ್ನ

ಫಿಟಿಂಗ್ ಮಾಡುವವರದೂ ಒಂದು ನ್ಯಾಯವಿದೆ, ಅದನ್ನೂ ಹೇಳಬೇಕು. ಸೆಟ್ಟಿಗೆ ಸಾವಿರಾರು ರೂಪಾಯಿ ಸುರಿಯುವ ಗಿರಾಕಿ ಕಪ್ಲರಿನ ವಿಷಯ ಬಂದಾಗ, “ಅದೆಲ್ಲ ಬೇಡಪ್ಪ, ಕಟ್ ಮಾಡಿ ಸೇರಿಸಿಬಿಡು” ಅಂತಾನೆ. ಒಂದು ಗಂಟೆ ಕೂಲಿಗೆ ಹತ್ತು ನಿಮಿಷ ಚೌಕಾಸಿ. ಹೀಗಿದ್ದ ಮೇಲೆ ಮೀಟರ್ ಹಿಡಿದು ನೋಡಲು ಪುರುಸೊತ್ತೆಲ್ಲಿ? ಹೊಸ ಮಾದರಿಯ ಕೆಲವು ಕಾರುಗಳಲ್ಲಂತೂ ಸೆಟ್ಟಿನ ಜಾಗದಲ್ಲಿ ಕೀ ಕರೆಂಟಿನ ವೈರೇ ಇರುವುದಿಲ್ಲ. ಆ ಗಾಡಿಗೆಂದೇ ಮಾಡಿದ ಅಡಾಪ್ಟರ್ ಬೇಕು. ಅದಕ್ಕೆ ಖರ್ಚು ಮಾಡಲೇಬೇಕು.

ಆದ್ದರಿಂದ ಕೆಲಸ ಮುಗಿದ ಮೇಲೆ ಡ್ಯಾಶ್‌ಬೋರ್ಡು ಮುಚ್ಚುವ ಮೊದಲೇ ಐದು ಮಾತು ಕೇಳಿ. ಫ್ಯೂಸು ಎಲ್ಲಿದೆ, ಎಷ್ಟು ನಂಬರಿನದು? ಅರ್ತು ಎಲ್ಲಿ ಬಿಗಿದಿರಿ, ತೋರಿಸಿ. ಜಾಯಿಂಟಿನ ಮೇಲೆ ಏನು ಹಾಕಿದಿರಿ? ಕೀ ತೆಗೆದಾಗ ಕೆಂಪು ವೈರು ಸೊನ್ನೆ ತೋರಿಸುತ್ತದೆಯೇ? ಕಂಪನಿಯ ವೈರು ಕತ್ತರಿಸಿದ್ದೀರೋ, ಕಪ್ಲರ್ ಹಾಕಿದ್ದೀರೋ? ಕೊನೆಯದು ಬಹಳ ಮುಖ್ಯ. ವಾರಂಟಿಯಲ್ಲಿರುವ ಗಾಡಿಯ ವೈರು ಕತ್ತರಿಸಿದರೆ ಮುಂದೆ ವೈರಿಂಗ್ ಕೆಟ್ಟಾಗ ಕಂಪನಿಯವರು ಕೈಯೆತ್ತಬಹುದು. ಒಳ್ಳೆ ಕೆಲಸಗಾರ ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾನೆ.

ಮತ್ತೊಂದು: ಬಿಲ್ಲು ಕೇಳಿ ಪಡೆಯಿರಿ. ಸೆಟ್ಟಿಗೊಂದು, ಫಿಟಿಂಗಿಗೊಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೆಟ್ಟ ಮಾಲಿನಂತೆ ಕೆಟ್ಟ ಕೆಲಸಕ್ಕೂ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ತಪ್ಪು ನಡೆದ 2 ವರ್ಷದೊಳಗೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಚೀಟಿಯೇ ಇಲ್ಲದಿದ್ದರೆ, ಯಾರು ಮಾಡಿದ ಕೆಲಸ ಎಂದು ಸಾಬೀತು ಮಾಡುವುದೇ ಒಂದು ದೊಡ್ಡ ಕೆಲಸ.

ಅಂಗಡಿಯವರಿಗೂ ಒಂದು ವಿನಂತಿ. ಫಿಟಿಂಗ್ ಮುಗಿದ ಮೇಲೆ, ಕೀ ತೆಗೆದಾಗ ಗಾಡಿ ಎಷ್ಟು ಕರೆಂಟು ಕುಡಿಯುತ್ತಿದೆ ಎಂದು ಅಳೆದು ಬಿಲ್ಲಿನ ಮೂಲೆಯಲ್ಲಿ ಬರೆದುಕೊಡಿ. ಒಂದೇ ಒಂದು ಅಂಕಿ. ನಾಳೆ ಸೆಟ್ಟಿನವರು, ಬ್ಯಾಟರಿಯವರು, ಫಿಟಿಂಗಿನವರು ಮೂವರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುವಾಗ ಆ ಅಂಕಿಯೇ ಸಾಕ್ಷಿ ಹೇಳುತ್ತದೆ. ಗಿರಾಕಿ ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾನೆ, ತಳ್ಳಿಸಿಕೊಂಡಲ್ಲ, ಗಾಡಿ ಓಡಿಸಿಕೊಂಡೇ!